ನೀರಿನ ಕಡೆಗೆ ಮುಖ

"ಗುರುಗಳೇ, ದಂಡೆತ್ತಿ ಬಂದವರನ್ನು ತಡೆದು ಪ್ರಾಣ ಬಿಟ್ಟವರನ್ನು ನಾವು ಹೇಗೆ ನೆನೆಯಬೇಕು? ಗುಡಿ ಕಟ್ಟಿದರೆ ಸಾಕೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ಗುಡಿ ಕಟ್ಟುವುದು ಸುಲಭವಪ್ಪಾ. ಬೀಗ ಹಾಕಿಕೊಂಡು ಮನೆಗೆ ಹೋಗಬಹುದು. ಒಂದು ಕತೆ ಹೇಳುತ್ತೇನೆ, ಕೇಳು.

ದೊಡ್ಡ ಕೆರೆಯ ಕೆಳಗೆ ಒಂದು ಊರಿತ್ತು. ಒಮ್ಮೆ ಪರನಾಡಿನ ದಂಡು ಬಂತು. ಊರು ಶರಣಾಗಲಿಲ್ಲ. ಕೆರೆಯ ಏರಿ ಒಡೆದು ಎಲ್ಲರನ್ನೂ ಮುಳುಗಿಸಲು ದಂಡು ಹೊರಟಿತು. ಆಗ ಊರಿನ ಕೆಲವರು ಏರಿಯ ಮೇಲೆ ಅಡ್ಡ ನಿಂತರು. ಅವರಲ್ಲಿ ಒಬ್ಬನೂ ಸೈನಿಕನಲ್ಲ. ಎಲ್ಲರಿಗಿಂತ ಮುಂದೆ ನಿಂತವನು ಒಬ್ಬ ರೈತ. ಅವನ ಹೆಂಡತಿ ಬಸುರಿಯಾಗಿದ್ದಳು. ಕೊನೆಗೆ ದಂಡು ಬಂದ ದಾರಿ ಹಿಡಿಯಿತು, ಏರಿ ಉಳಿಯಿತು. ಅಡ್ಡ ನಿಂತವರು ಯಾರೂ ಉಳಿಯಲಿಲ್ಲ.

ಊರವರು ಏರಿಯ ಮೇಲೆ ವೀರಗಲ್ಲು ನಿಲ್ಲಿಸಿದರು. ಕಲ್ಲುಕುಟಿಗ ಆ ಸತ್ತವರ ಜೊತೆಯಲ್ಲೇ ಆಡಿ ಬೆಳೆದವನು. ಒಬ್ಬೊಬ್ಬರ ಮುಖವನ್ನೂ ಇದ್ದ ಹಾಗೆಯೇ ಕೆತ್ತಿದ. ಬಿತ್ತನೆಗೆ ಮುಂಚೆ ಒಂದು ಹಿಡಿ ಬೀಜವನ್ನು ಆ ಕಲ್ಲಿನ ಮುಂದಿಟ್ಟು ಕೈಮುಗಿಯುವುದು ಊರಿನ ಪದ್ಧತಿಯಾಯಿತು.

ರೈತನಿಗೆ ಮಗಳು ಹುಟ್ಟಿದಳು. ತಂದೆಯ ಮುಖವನ್ನು ಅವಳು ಕಂಡದ್ದು ಕಲ್ಲಿನಲ್ಲಿ ಮಾತ್ರ. ದಿನವೂ ಬಂದು ಎಣ್ಣೆ ಸವರುತ್ತಿದ್ದಳು, ಮನೆಯ ಸುದ್ದಿ ಹೇಳುತ್ತಿದ್ದಳು. ಮದುವೆಯಾದ ದಿನ ಗಂಡನನ್ನು ಮೊದಲು ಅಲ್ಲಿಗೇ ಕರೆತಂದಳು.

ಅವಳ ತಲೆ ನರೆಯುವ ಹೊತ್ತಿಗೆ ಒಂದು ಮಳೆಗಾಲ ಕೆರೆ ತುಂಬಿ, ಏರಿಗೆ ತೂತು ಬಿತ್ತು. ಮಣ್ಣಿನ ಮೂಟೆ ಹಾಕಿದರೆ ಮೂಟೆಯೇ ಕೊಚ್ಚಿಕೊಂಡು ಹೋಯಿತು. ನೀರಿನ ಕಡೆಯಿಂದ ಅಗಲವಾದ ಚಪ್ಪಡಿ ಇಳಿಸಿ ಮುಚ್ಚಬೇಕಿತ್ತು. ಹತ್ತಿರದಲ್ಲಿದ್ದದ್ದು ವೀರಗಲ್ಲು ಒಂದೇ. ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ಯಾರೂ ಬಾಯಿ ಬಿಡಲಿಲ್ಲ. ಅವಳ ಮುಖ ನೋಡುವುದಕ್ಕೂ ಅವರಿಗೆ ಧೈರ್ಯವಾಗಲಿಲ್ಲ.

ಮಗಳು ಕಲ್ಲಿನ ಬಳಿಗೆ ಹೋದಳು. ತಂದೆಯ ಮುಖವನ್ನು ಸೆರಗಿನಿಂದ ಒರೆಸಿ, ತುಸು ಹೊತ್ತು ನೋಡಿದಳು. ಆಮೇಲೆ, 'ಕೀಳ್ರಪ್ಪಾ' ಎಂದಳು.

ಹಗ್ಗ ಕಟ್ಟಿ ಎಳೆದು ತಂದರು. ಇಳಿಸುವಾಗ ಕಲ್ಲುಕುಟಿಗನ ಮಗ ಹೇಳಿದ: 'ಅವ್ವಾ, ಮುಖ ಮಣ್ಣಿನ ಕಡೆ ಮಾಡ್ತೀನಿ. ನೀರು ತಾಗಿದ್ರೆ ಕೆತ್ತನೆ ಸವೆದುಹೋಗ್ತದೆ.'

'ಬ್ಯಾಡ ಕಣಪ್ಪಾ. ನಮ್ಮಪ್ಪ ಮೇಲೆ ಬಿದ್ದು ಬಂದೋರಿಗೆ ಬೆನ್ನು ತೋರಿಸ್ದೋನಲ್ಲ. ನೀರಿನ ಕಡೆಗೇ ಇರಲಿ.'

ಕಲ್ಲು ತೂತಿನ ಬಾಯಿಗೆ ಕೂತಿತು. ನುಗ್ಗುವ ನೀರೇ ಅದನ್ನು ಏರಿಗೆ ಒತ್ತಿ ಹಿಡಿಯಿತು. ಸತ್ತವರು ಇನ್ನೊಮ್ಮೆ ಏರಿ ಕಾಯಲು ನಿಂತದ್ದನ್ನು ಊರಿಗೆ ಊರೇ ಮಳೆಯಲ್ಲಿ ತೊಯ್ಯುತ್ತಾ ನೋಡಿತು. ಅಂದಿನಿಂದ ಆ ಏರಿಯ ಮೇಲೆ ಜನ ಮೆಟ್ಟು ಕಳಚಿಯೇ ನಡೆಯುತ್ತಾರೆ."

ಶಿಷ್ಯ ಕೇಳಿದ: "ಹಾಗಾದರೆ ಆ ಮಗಳಿಗೆ ತಂದೆಯ ಮುಖ ಮತ್ತೆ ಕಾಣಲೇ ಇಲ್ಲವೇ?"

"ಕೆರೆ ಬತ್ತಿದ್ದರೆ ಕಾಣುತ್ತಿತ್ತು, ಕೆರೆ ಎಂದೂ ಬತ್ತದಿರಲಿ ಎಂದೇ ಅವಳು ಸಾಯುವವರೆಗೂ ಬೇಡಿಕೊಂಡಳು."