ತೀರ್ಥದ ಚೊಂಬು ಹಿಡಿದವಳು

ಪೂಜ್ಯ ಜ್ಞಾನನಾಥ ಸ್ವಾಮಿಗಳು ಹೊನ್ನೇದೊಡ್ಡಿಯ ಹೆಂಚಿನ ಚರ್ಚಿನ ಪಕ್ಕದ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಹರಿದ ನಿಲುವಂಗಿಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಅವರ ಉಪವಾಸ ಕಂಡು ಜನ ‘ಸಂತರು, ಸಂತರು’ ಎಂದು ಕಾಲಿಗೆ ಬೀಳತೊಡಗಿದರು. ಸ್ವಾಮಿಗಳ ಮುಖ ಬಾಡಿತೇ ಹೊರತು ಅರಳಲಿಲ್ಲ.

ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬ ಮುಗಿದ ಮರುವಾರ ಸ್ವಾಮಿಗಳು ಮನೆಮನೆಗೂ ಹೋಗಿ ತೀರ್ಥ ಚಿಮುಕಿಸಿ ಹರಸುವುದು ಆ ಊರಿನ ವಾಡಿಕೆ. ಜೊತೆಯಲ್ಲಿ ಚೊಂಬು ಹಿಡಿದು ನಡೆಯುವ ಭಾಗ್ಯ ಎಂದಿನಿಂದಲೂ ಲೂರ್ದಮ್ಮನದು. ಯಾರ ಸೊಸೆ ತವರಿಗೆ ಯಾಕೆ ಹೋದಳೆಂಬುದು ಆ ಸೊಸೆಗಿಂತ ಮೊದಲು ಈಕೆಗೆ ಗೊತ್ತು. ಹುಣಸೆಹಣ್ಣು ಹಚ್ಚಿ ಚೊಂಬು ಫಳಫಳ ಬೆಳಗಿ, ರೇಷ್ಮೆ ಸೀರೆ ಉಟ್ಟು, ಚರ್ಚಿನ ಬಾಗಿಲಲ್ಲಿ ನಿಂತಿದ್ದಳು.

ಸ್ವಾಮಿಗಳು ಅವಳ ಕೈಯಿಂದ ಚೊಂಬು ತೆಗೆದುಕೊಂಡರು. ಗೋಡೆಗೆ ಒರಗಿ ನಿಂತಿದ್ದ ಸಿಸಿಲಮ್ಮನ ಕೈಗೆ ಕೊಟ್ಟರು!

ಅಯ್ಯೋ ಮಾತೆಯೇ! ಕಟ್ಟಿಕೊಂಡವನನ್ನು ಬಿಟ್ಟು ಲಾರಿ ಡ್ರೈವರನ ಹಿಂದೆ ಹೋಗಿ, ಅವನೂ ಕೈಬಿಟ್ಟ ಮೇಲೆ ಊರಿಗೆ ಮರಳಿದವಳು. ‘ಲಾರಿ ಸಿಸಿಲಿ’ ಎಂದು ಹೆಸರಿಟ್ಟಿದ್ದೇ ಲೂರ್ದಮ್ಮ. ಲೂರ್ದಮ್ಮ ಅಲ್ಲಿ ನಿಲ್ಲಲಿಲ್ಲ. ದಡದಡನೆ ಮನೆಗೆ ನಡೆದು ಅಗಣಿ ಹಾಕಿಕೊಂಡಳು. ಒಳಗೆ ಲಕ್ವ ಹೊಡೆದು ಮಲಗಿದ್ದ ಗಂಡ ರಾಯಪ್ಪ ಸ್ವಾಮಿಗಳ ದಾರಿಯನ್ನೇ ಕಾಯುತ್ತಿದ್ದ.

ಸ್ವಾಮಿಗಳು ಬಂದು ಬಾಗಿಲು ತಟ್ಟಿದರು.

"ಅವಳು ಮುಟ್ಟಿದ ತೀರ್ಥ ನನ್ನ ಮನೆಗೆ ಬೇಡ ಸ್ವಾಮಿ!" ಲೂರ್ದಮ್ಮ ಕಿಟಕಿಯಿಂದಲೇ ಕೂಗಿದಳು. "ನಿಮ್ಮಂಥ ಸಂತರಿಗೆ ಜೊತೆಗೆ ಬೇರೆ ಯಾರೂ ಸಿಗಲಿಲ್ವಾ?"

ಸ್ವಾಮಿಗಳು ಜಗುಲಿಯ ಮೇಲೆ ಕುಳಿತರು. ಮೆಲ್ಲಗೆ ಹೇಳಿದರು: "ಅಮ್ಮಾ, ನಿನ್ನ ಜೊತೆ ನಡೆದರೆ ಜನ ನನಗೆ ಕೈ ಮುಗೀತಾರೆ. ಇವಳ ಜೊತೆ ನಡೆದರೆ ನನ್ನನ್ನೂ ಬೈತಾರೆ. ಯೇಸುಸ್ವಾಮಿ ನಡೆದದ್ದು ಯಾರ ಜೊತೆ, ನೀನೇ ಹೇಳು."

ಒಳಗಿನಿಂದ ರಾಯಪ್ಪನ ತೊದಲು ದನಿ ಕೇಳಿಸಿತು: "ತೆಗೀ... ಬಾಗಿಲು ತೆಗೀ..."

ಅಗಣಿ ಸರಿಯಿತು. ಸಿಸಿಲಮ್ಮ ಹೊಸಿಲಲ್ಲೇ ತಲೆ ತಗ್ಗಿಸಿ ನಿಂತಳು. ಸ್ವಾಮಿಗಳು ಅವಳನ್ನೂ ಒಳಕ್ಕೆ ಕರೆದು, ರಾಯಪ್ಪನ ಹಣೆಗೆ ತೀರ್ಥ ಮುಟ್ಟಿಸಿ ಹರಸಿದರು. ಅವನ ಕಣ್ಣಂಚಿನಲ್ಲಿ ನೀರಾಡಿತು.

ಅವರು ಹೊರಟಾಗ, ಯಾಕೋ ಏನೋ, ಲೂರ್ದಮ್ಮನ ಕಾಲುಗಳೂ ಹಿಂದೆ ಹೊರಟವು.

ಮುಂದಿನದು ಚೌರಮ್ಮನ ಮನೆ. ಅವರನ್ನು ಕಂಡದ್ದೇ ತಡ, ಚೌರಮ್ಮ ಬಾಗಿಲು ದಢಾರನೆ ಹಾಕಿಕೊಂಡು ಒಳಗಿನಿಂದ ಕಿಸಕ್ಕನೆ ನಕ್ಕಳು. "ನೋಡ್ರವ್ವಾ, ಲಾರಿಗೆ ಲೂರ್ದಮ್ಮಕ್ಕನೂ ಹತ್ತಿಬಿಟ್ಟಳು!"

ಲೂರ್ದಮ್ಮನ ಮುಖ ಕೆಂಡವಾಯಿತು. ತಾನೇ ಹುಟ್ಟುಹಾಕಿದ ಮಾತು. ಅದು ಇಷ್ಟು ಸುಡುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪಕ್ಕಕ್ಕೆ ತಿರುಗಿದಳು. ಸಿಸಿಲಮ್ಮನ ಮುಖದಲ್ಲಿ ಕೋಪವಿರಲಿಲ್ಲ. ಕೇಳಿ ಕೇಳಿ ಅಭ್ಯಾಸವಾಗಿತ್ತು.

ಲೂರ್ದಮ್ಮ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು, ಬಾಗಿಲನ್ನು ಅಂಗೈಯಿಂದ ಬಡಿದಳು.

"ಬಾಗಿಲು ತೆಗಿಯೇ ಚೌರೀ! ಸ್ವಾಮಿಗಳು ಬಂದವ್ರೆ. ನಮ್ಮ ಸಿಸಿಲಮ್ಮನೂ ಬಂದವ್ಳೆ."