ಹುಲ್ಲಿನ ಕರು

“ಗುರುಗಳೇ, ದೊಡ್ಡವರ ದುಃಖ ಮಕ್ಕಳಿಗೆ ಅರ್ಥವಾಗುತ್ತದೆಯೇ? ಅವರ ಮುಂದೆ ನಾವು ನಗುತ್ತಾ ಇದ್ದುಬಿಟ್ಟರೆ ಸಾಲದೇ?” ಎಂದು ಚನ್ನವೀರ ಕೇಳಿದ. ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗನಿದ್ದ.

“ಸಾಲುತ್ತದೆ ಅಂತ ಒಬ್ಬ ಗೌಳಿಯೂ ನಂಬಿದ್ದನಪ್ಪ, ಕೇಳು” ಎಂದು ಗುರುಗಳು ಕತೆ ಹೇಳಿದರು.

ಆ ಗೌಳಿಗೆ ಒಬ್ಬಳೇ ಮಗಳು. ಅವಳಿಗೆ ನಾಲ್ಕು ತುಂಬುವಾಗ ತಾಯಿ ಜ್ವರ ಬಂದು ತೀರಿಕೊಂಡಳು. ಅಮ್ಮ ತವರಿಗೆ ಹೋಗಿದ್ದಾಳೆ ಎಂದು ಗೌಳಿ ನಗುತ್ತಲೇ ಹೇಳಿದ. ಅದೇ ತಿಂಗಳು ಎಮ್ಮೆಯ ಕರುವೂ ಸತ್ತಿತು. ಕರುವಿಲ್ಲದೆ ಎಮ್ಮೆ ಹಾಲು ಕೊಟ್ಟೀತೇ? ಗೌಳಿಗಳು ಮಾಡುವಂತೆ ಅವನು ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಎಮ್ಮೆಯ ಮುಂದೆ ನಿಲ್ಲಿಸಿದ. ಎಮ್ಮೆ ಅದನ್ನು ನೆಕ್ಕುತ್ತಾ ಕೆಚ್ಚಲಿಗೆ ಹಾಲಿಳಿಸಿತು. ಮಗಳು ಚಪ್ಪಾಳೆ ತಟ್ಟಿ, “ಕರು ಎದ್ದು ಬಂತು! ಅಮ್ಮನೂ ಬರ್ತಾಳಲ್ವಾ?” ಎಂದಳು.

“ಬರ್ತಾಳೆ ಕಣೇ” ಎಂದ ಗೌಳಿ. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ.

ಅವಳಿಗೆ ಏಳಾದಾಗ ಇನ್ನೊಂದು ಕರು ಸತ್ತಿತು. ಗೌಳಿ ಅದರ ತೊಗಲಿಗೂ ಹುಲ್ಲು ತುಂಬಿ ನಿಲ್ಲಿಸಿದ. ಈ ಸಲ ಅವಳು ಹೊಲಿಗೆ ಹರಿದು ಹುಲ್ಲನ್ನೆಲ್ಲ ಕಿತ್ತೆಸೆದಳು. ಎಮ್ಮೆಗೆ ಮೋಸ ಮಾಡ್ತೀಯಾ ಎಂದು ಅಪ್ಪನ ಎದೆಗೆ ಗುದ್ದಿದಳು. ಅಂದಿನಿಂದ ಅಮ್ಮನ ಮಾತೂ ಎತ್ತಲಿಲ್ಲ. ಸದ್ಯ, ಮರೆತಳಲ್ಲ ಎಂದುಕೊಂಡ ಗೌಳಿ. ಪೆದ್ದ! ಮತ್ತಷ್ಟು ನಗುತ್ತಾ ದಿನ ತಳ್ಳಿದ.

ಮಗಳಿಗೆ ಹತ್ತಾದಾಗ ಅದೇ ಎಮ್ಮೆಯ ಕರುವಿಗೆ ಮತ್ತೆ ಅದೇ ಗತಿ. ಮಗಳು ಎಲ್ಲಿ ರಂಪ ಮಾಡುತ್ತಾಳೋ ಎಂದು ಹೆದರುತ್ತಲೇ ಗೌಳಿ ಹುಲ್ಲಿನ ಕರು ತಂದು ನಿಲ್ಲಿಸಿದ. ಮಗಳು ಒಳಗೆ ಹೋಗಿ ಉಪ್ಪುನೀರು ತಂದು ತೊಗಲಿಗೆ ಸವರಿದಳು. ಎಮ್ಮೆ ನೆಕ್ಕತೊಡಗಿತು. ಅವಳು ಅದರ ಕುತ್ತಿಗೆ ನೇವರಿಸುತ್ತಾ ನಿಂತಳು.

“ಪಾಪ, ಅದಕ್ಕೆ ಗೊತ್ತಾಗಲ್ಲ” ಎಂದ ಗೌಳಿ ಹಾಲು ಕರೆಯುತ್ತಾ.

“ಗೊತ್ತಪ್ಪಾ. ಗೊತ್ತಿದ್ದೂ ನೆಕ್ಕುತ್ತೆ. ನೀನು ಕೊಟ್ಟಿಗೆ ಹಿಂದೆ ಅತ್ತು ಬಂದು ನಗ್ತೀಯಲ್ಲ, ಆಗ ನಾನೂ ನಗಲ್ವಾ? ಹಾಗೆ.”

ಗೌಳಿಯ ಕೈ ಕೆಚ್ಚಲಲ್ಲೇ ನಿಂತಿತು. ಅಬ್ಬಾ! ಗೇಣುದ್ದದ ಈ ಹುಡುಗಿಯೊಳಗೆ ಇಷ್ಟೊಂದು ಜಾಗ ಯಾವಾಗ ಆಯಿತು? ತನ್ನ ಮಗಳಿಗೇ ಕೈಮುಗಿಯಬೇಕು ಅನ್ನಿಸಿತು ಅವನಿಗೆ. ಅವಳೆದುರೇ, ಅವಳ ತಾಯಿಯ ಹೆಸರು ಹಿಡಿದು ಅತ್ತ. ಮಗಳು ಹೆದರಲಿಲ್ಲ. ಪಕ್ಕದಲ್ಲಿ ಕೂತು ತಾನೂ ಅತ್ತಳು.

ಕತೆ ಮುಗಿದಾಗ ಚನ್ನವೀರ, “ನನ್ನ ಮಗ ಹಾಗಲ್ಲ ಗುರುಗಳೇ. ಅವನಿಗೆ ಏನೂ ತಿಳಿಯದು. ದಿನವೂ ನನ್ನ ಜೊತೆ ನಗುನಗುತ್ತಾ ಇರುತ್ತಾನೆ” ಎಂದ.

ಗುರುಗಳು ಹೇಳಿದರು: “ಯಾರಿಗಾಗಿ ನಗುತ್ತಾನೆ ಅಂತ ಹೋಗಿ ಕೇಳು.”