ಕೆಂಪು ರಿಬ್ಬನ್ನಿನ ಬಸ್ಸು

ಕ್ಯಾನ್ಸರ್ ತಪಾಸಣೆಗೆಂದು ಸರ್ಕಾರ ನಮ್ಮ ಜಿಲ್ಲೆಗೊಂದು ಹೊಸ ಬಸ್ಸು ಕೊಟ್ಟಿತು. ಒಳಗೆ ಯಂತ್ರ ಇತ್ತು, ಡಾಕ್ಟ್ರಮ್ಮ ಇದ್ದರು, ಡೀಸೆಲ್ಲೂ ತುಂಬಿತ್ತು. ಆದರೆ ಅಧಿಕಾರಿ ಕರಜಗಿ ಸಾಹೇಬರು ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದರು. "ಮಂತ್ರಿಗಳು ಬಂದು ಕತ್ತರಿಸೋತನಕ ಒಂದು ನರಪಿಳ್ಳೆನೂ ಈ ರಿಬ್ಬನ್ ದಾಟಬಾರದು" ಎಂದು ಡ್ರೈವರ್ ಮೌಲಾಸಾಬನಿಗೆ ಆಜ್ಞೆ ಮಾಡಿದರು.

ಮಂತ್ರಿಗಳಿಗೆ ಪುರುಸೊತ್ತೇ ಆಗಲಿಲ್ಲ. ಹಳ್ಳಿಗಳಿಂದ ಬಂದ ಹೆಂಗಸರು ರಿಬ್ಬನ್ ನೋಡಿ ವಾಪಸು ಹೋಗತೊಡಗಿದರು. ಮೌಲಾಸಾಬ ತಲೆ ಕೆರೆದುಕೊಂಡು ಬಸ್ಸಿಗೆ ಒಂದು ಸುತ್ತು ಹಾಕಿದ.

ಮರುದಿನ ಸಾಹೇಬರು ಬಂದು ನೋಡಿದರೆ ಬಸ್ಸಿನ ಹಿಂದೆ ಹೆಂಗಸರ ಸಾಲು!

"ರಿಬ್ಬನ್ ಕತ್ತರಿಸಿದವನು ಯಾವನೋ?" ಎಂದು ಕೂಗಾಡಿದರು.

"ಮುಟ್ಟೇ ಇಲ್ರೀ ಸಾಹೇಬ್ರ. ನೀವು ಕಟ್ಟಿದಂಗೇ ಐತಿ ನೋಡ್ರಿ. ಇವರೆಲ್ಲ ಹಿಂದಿನ ಬಾಗಿಲಿಂದ ಹತ್ತ್ಯಾರ" ಎಂದ ಮೌಲಾಸಾಬ.

"ನಿನ್ನ ಸಸ್ಪೆಂಡ್..." ಸಾಹೇಬರ ಮಾತು ಅಲ್ಲೇ ನಿಂತಿತು. ಹಿಂದಿನ ಬಾಗಿಲಿಂದ ಅವರ ಹೆಂಡತಿಯೇ ಇಳಿಯುತ್ತಿದ್ದರು.

"ಎದ್ಯಾಗ ಸಣ್ಣ ಗಡ್ಡಿ ಐತ್ರೀ. ಬೇಗ ಸಿಕ್ಕೈತಿ, ಗುಣ ಆಗ್ತದ ಅಂದ್ರು ಡಾಕ್ಟ್ರಮ್ಮ. ಗಡ್ಡಿ ಕೈಗೆ ಹತ್ತಿದಾಗಲೇ ನಿಮಗ ಹೇಳೋಣಂದ್ರ ದಿನಾ ಮೀಟಿಂಗ್ ಇತ್ತು" ಎಂದರು ಆಕೆ.

ಸಾಹೇಬರು ಮೌಲಾಸಾಬನ ಎರಡೂ ಕೈ ಹಿಡಿದುಕೊಂಡರು.

ಹೆಂಡತಿ ಗುಣವಾದರು. ಮುಂದಿನ ವರ್ಷ ಇನ್ನೊಂದು ಬಸ್ಸಿಗೆ ಅನುದಾನವೂ ಬಂತು. ಯಾವ ಯಂತ್ರ ಬೇಕು, ಯಾವ ಬಣ್ಣ ಬೇಕು ಎಂದು ಯೋಜನಾ ಸಭೆಯಲ್ಲಿ ಎಲ್ಲರೂ ವಾದಕ್ಕೆ ಬಿದ್ದಿದ್ದಾಗ ಕರಜಗಿ ಸಾಹೇಬರು ಒಂದೇ ಮಾತು ಹೇಳಿದರು:

"ಏನರ ಮಾಡ್ಕೋರಿ. ಹಿಂದಿನ ಬಾಗಿಲು ಮಾತ್ರ ದೊಡ್ಡದಿರಲಿ."